ವಸಡು ಬಾತಾಗ: ದಂತವೈದ್ಯರನ್ನು ಕಾಣುವವರೆಗೆ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಹಂಗಳವನ್ನು ದಾಟಿ ಮುಂದುವರಿದರೆ ಮೇಲುಕಾಮನಹಳ್ಳಿಯ ಅರಣ್ಯ ತನಿಖಾ ಠಾಣೆ ಬರುತ್ತದೆ. ಅಲ್ಲಿಂದಾಚೆಗೆ ಬಂಡೀಪುರದ ಕಾಡು. ಈ ಹೆದ್ದಾರಿಯಲ್ಲಿಯೂ, ವಯನಾಡಿನ ಕಡೆಗೆ ತಿರುಗುವ ಇನ್ನೊಂದರಲ್ಲಿಯೂ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳು ಸಂಚರಿಸಬಾರದೆಂಬ ನಿರ್ಬಂಧ 2009ರಲ್ಲಿ ಜಾರಿಗೆ ಬಂದಿತು. ರಾತ್ರಿಯ ಹೊತ್ತು ದಾರಿ ಕಾಡುಪ್ರಾಣಿಗಳಿಗೆ ಸೇರಿದ್ದು. ಕಾಡಂಚಿನ ಹಳ್ಳಿಗಳಲ್ಲಿಯೂ ಆನೆಗೆ ಅಂಜಿ, ಕತ್ತಲಾದ ಮೇಲೆ ಊರು ಬಿಟ್ಟು ಹೊರಡಲು ಜನ ಹಿಂದೆಮುಂದೆ ನೋಡುತ್ತಾರೆ.

ಇಂಥದೊಂದು ಹಳ್ಳಿಯಲ್ಲಿ, ಶನಿವಾರ ಸಂಜೆ, ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಕೆಳದವಡೆಯ ಕಟ್ಟಕಡೆಯಲ್ಲಿ ವಸಡು ಬಾತುಕೊಂಡಿದೆಯೆಂದು ಭಾವಿಸೋಣ. ಬಾಯಿ ಅಗಲಿಸಿದರೆ ನೋವು, ಕಚ್ಚಿದರೆ ನೋವು. ದಂತವೈದ್ಯರು ಸಿಕ್ಕುವುದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ. ಅಜ್ಜಿ ಲವಂಗವನ್ನು ತರುತ್ತಾರೆ. ಪಕ್ಕದ ಮನೆಯವರು ಅರಿಶಿನವನ್ನು. ಚಿಕ್ಕಪ್ಪ ಒಂದು ಚಿಟಿಕೆ ಹೊಗೆಸೊಪ್ಪನ್ನು ಒತ್ತಿಕೊಳ್ಳೆಂದು ಹೇಳುತ್ತಾರೆ. ಗೆಳೆಯ ತನ್ನ ಮನೆಯಲ್ಲಿ ಉಳಿದಿದ್ದ ನಾಲ್ಕು ಕ್ಯಾಪ್ಸೂಲುಗಳನ್ನು ಕೊಡುತ್ತಾನೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ನಡುವೆ ಇರುವ ನಲವತ್ತು ಗಂಟೆಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾವ ಲಕ್ಷಣ ಕಂಡರೆ ಸೋಮವಾರಕ್ಕಾಗಿ ಕಾಯದೆ ಆ ರಾತ್ರಿಯೇ ಹೊರಡಬೇಕು ಎಂಬುದು ವಸಡಿನೊಳಗೆ ಏನು ನಡೆಯುತ್ತಿದೆಯೆಂದು ತಿಳಿದವನಿಗೆ ಮಾತ್ರ ಹೊಳೆಯುತ್ತದೆ.

ವಸಡು ಹಲ್ಲಿನ ಬುಡವನ್ನು ಕೊರಳಪಟ್ಟಿಯಂತೆ ಸುತ್ತಿಕೊಂಡಿರುತ್ತದೆ. ಆದರೆ ಈ ಪಟ್ಟಿ ಅಂಚಿನವರೆಗೂ ಹಲ್ಲಿಗೆ ಅಂಟಿಕೊಂಡಿಲ್ಲ. ಹಲ್ಲಿಗೂ ವಸಡಿನ ಅಂಚಿಗೂ ನಡುವೆ ಸುತ್ತಲೂ ಒಂದು ಸಣ್ಣ ಸಂದು ಇದೆ. ಆರೋಗ್ಯವಾದ ಬಾಯಲ್ಲಿ ಅದರ ಆಳ 1ರಿಂದ 3 ಮಿಲಿಮೀಟರು. ಗೆರೆ ಹಾಕಿದ ತೆಳುವಾದ ಕಡ್ಡಿಯೊಂದನ್ನು ಮೆಲ್ಲನೆ ಇಳಿಸಿ ದಂತವೈದ್ಯರು ಇದನ್ನು ಅಳೆಯುತ್ತಾರೆ. ಆಳ ಇದಕ್ಕಿಂತ ಹೆಚ್ಚಿದ್ದರೆ ಅದು ಸಂದಾಗಿ ಉಳಿಯದೆ ಚೀಲವಾಗುತ್ತದೆ. ಅಲ್ಲಿಗೆ ಹಲ್ಲುಜ್ಜುವ ಬ್ರಷ್ಷಿನ ಎಳೆ ತಲುಪದು, ಬೇವಿನ ಕಡ್ಡಿಯೂ ತಲುಪದು. ಹಲ್ಲಿನ ಮೇಲೆ ಸದಾ ಬೆಳೆಯುವ ಪಾಚಿಯಂಥ ಪದರ ಆ ಚೀಲದೊಳಗೆ ನಿಶ್ಚಿಂತೆಯಾಗಿ ದಪ್ಪವಾಗುತ್ತದೆ; ಸುಣ್ಣದ ಅಂಶ ಸೇರಿ ಕ್ರಮೇಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದುದಕ್ಕೆ ಕಿಟ್ಟವೆಂದು ಹೆಸರು.

ಈ ಪಾಚಿಯಲ್ಲಿ ಇರುವುದೇನೆಂದು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹುಕ್. ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ, ತನ್ನದೇ ಹಲ್ಲುಸಂದಿನಿಂದ ಕೆರೆದು ತೆಗೆದ ಬಿಳಿಯ ಹಿಟ್ಟಿನಂಥ ವಸ್ತುವನ್ನಿಟ್ಟು ನೋಡಿದಾಗ ಅದರಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದುವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಇದನ್ನು ವರ್ಣಿಸಿದ. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ವಿನಿಗರಿನಿಂದ ಬಾಯಿ ಮುಕ್ಕಳಿಸಿ ಮತ್ತೆ ಕೆರೆದು ನೋಡಿದ. ಪದರದ ಹೊರಮೈಯಲ್ಲಿದ್ದ ಜೀವಿಗಳು ಮಾತ್ರ ಸತ್ತಿದ್ದುವು, ಒಳಗಿನವು ಬದುಕಿದ್ದುವು. ಮುಕ್ಕಳಿಸುವ ಯಾವ ದ್ರವವೂ ಪಾಚಿಯ ಒಳಕ್ಕೆ ಇಳಿಯದೆಂಬ ಪಾಠ ಮೂರು ಶತಮಾನಗಳಿಗೂ ಹಿಂದೆಯೇ ಮನುಷ್ಯನಿಗೆ ದೊರೆತಿತ್ತು. ಬಣ್ಣಬಣ್ಣದ ಸೀಸೆಗಳ ಜಾಹೀರಾತು ನೋಡುವಾಗ ಈ ವ್ಯಾಪಾರಿಯನ್ನು ನೆನೆಯುವುದು ಒಳ್ಳೆಯದು.

ಈ ಪದರವೇ ವಸಡಿನ ಕಾಯಿಲೆಗೆ ಕಾರಣವೆಂದು ಮನುಷ್ಯರಲ್ಲಿ ನೇರವಾಗಿ ತೋರಿಸಿದ ಪ್ರಯೋಗ ನಡೆದುದು 1965ರಲ್ಲಿ, ಡೆನ್ಮಾರ್ಕಿನ ಓರ್‌ಹುಸ್ ನಗರದಲ್ಲಿ. ಹೆರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು, ಆರೋಗ್ಯವಾದ ವಸಡಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸುವಂತೆ ಹೇಳಿದರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೇ. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಜನರ ವಸಡೂ ಕೆಂಪೇರಿ ಬಾತುಕೊಂಡಿತು. ಮತ್ತೆ ಶುಚಿ ಮಾಡಲಾರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಔಷಧಿಯೊಂದೂ ಬೇಕಾಗಲಿಲ್ಲ. ಉಜ್ಜುವಾಗ ಬರಿಯ ರಕ್ತ ಬಂದು, ಅಂಚು ಮಾತ್ರ ಕೆಂಪಾಗಿದ್ದರೆ ಕಾಯಿಲೆ ಇನ್ನೂ ಈ ಹಂತದಲ್ಲಿದೆ. ರಕ್ತ ಬಂತೆಂದು ಹೆದರಿ ಆ ಕಡೆ ಉಜ್ಜುವುದನ್ನೇ ಬಿಡುವವರು ಡೆನ್ಮಾರ್ಕಿನ ಪ್ರಯೋಗದ ಮೊದಲರ್ಧವನ್ನು ತಮ್ಮ ಬಾಯಲ್ಲಿ ಪುನಃ ಮಾಡುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿಗಳ ಅಭ್ಯಾಸವಿರುವವರಿಗೆ ಇನ್ನೊಂದು ಮೋಸ ಕಾದಿದೆ: ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಸಂಕುಚಿಸುವುದರಿಂದ ಅವರಿಗೆ ರಕ್ತ ಬರುವುದೇ ಕಡಮೆ. ರೋಗ ಬೆಳೆಯುತ್ತಿದ್ದರೂ ವಸಡು ಒಳ್ಳೆಯದಾಗಿಯೇ ತೋರುತ್ತದೆ.

ಬಾವಿನ ಮಾತು ಬೇರೆ. ಚೀಲದ ಬಾಯಿ ಕಟ್ಟಿಕೊಂಡಾಗ, ಕಡಲೆಕಾಯಿಯ ಸಿಪ್ಪೆಯೋ ಮಾಂಸದ ನಾರೋ ಒಳಗೆ ಸಿಕ್ಕಿಕೊಂಡಾಗ, ಒಳಗಿನ ಬ್ಯಾಕ್ಟೀರಿಯಗಳಿಗೂ ರಕ್ತದ ಬಿಳಿಯ ಕಣಗಳಿಗೂ ನಡೆದ ಕಾಳಗದ ಶೇಷ ಹೊರಬರಲು ದಾರಿ ಕಾಣದೆ ಕೀವಾಗಿ ನಿಲ್ಲುತ್ತದೆ. ಇನ್ನು ಕೆಲವು ವೇಳೆ ಕೀವು ಹುಟ್ಟುವುದು ವಸಡಿನಲ್ಲಲ್ಲ. ಹುಳುಕು ಹಲ್ಲಿನ ತಿರುಳು ಸತ್ತು, ಬೇರಿನ ತುದಿಯಲ್ಲಿ ಕೀವಾಗಿ, ಅದು ಎಲುಬನ್ನು ಕೊರೆದು ವಸಡಿನ ಮೇಲೆ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ಎರಡೂ ಒಂದೇ ತೆರನಾಗಿ ತೋರುವುದರಿಂದ ಮನೆಯಲ್ಲಿ ಕುಳಿತು ನಿರ್ಣಯಿಸುವುದು ಕಷ್ಟ. ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಟ್ಟು, ಊಟ ಬಿಟ್ಟು ಓದುವ ತರುಣರಲ್ಲಿ, ಅದರಲ್ಲಿಯೂ ಧೂಮಪಾನ ಮಾಡುವವರಲ್ಲಿ, ಮತ್ತೊಂದು ಬಗೆ ಉಂಟು. ಹಲ್ಲುಗಳ ನಡುವಿನ ವಸಡಿನ ತುದಿಗಳೇ ಹುಣ್ಣಾಗಿ, ಬೂದುಬಣ್ಣದ ಪೊರೆ ಕಟ್ಟಿ, ಬಾಯಿ ಅಸಹ್ಯವಾಗಿ ನಾರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳೊಳಗಿದ್ದ ಸೈನಿಕರನ್ನು ಕಾಡಿದ ಕಾಯಿಲೆ ಇದೇ.

ನಮ್ಮ ವಿದ್ಯಾರ್ಥಿಯ ಕಾಯಿಲೆಗೆ ಕಾರಣ ಬಹುಶಃ ಅವನ ವಯಸ್ಸೇ. ಹದಿನೇಳರಿಂದ ಇಪ್ಪತ್ತೈದರ ನಡುವೆ ಕಟ್ಟಕಡೆಯ ದವಡೆಹಲ್ಲು ಮೂಡುತ್ತದೆ. ಬುದ್ಧಿ ಬರುವ ವಯಸ್ಸಿನದೆಂದು ಅದಕ್ಕೆ ಬುದ್ಧಿಹಲ್ಲೆಂಬ ಹೆಸರು. ದವಡೆಯಲ್ಲಿ ಸ್ಥಳ ಸಾಲದೆ ಅದು ಅರ್ಧವೇ ಹೊರಬಂದು ನಿಂತರೆ, ಉಳಿದರ್ಧದ ಮೇಲೆ ವಸಡು ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳದ ಕೆಳಗೆ ಅನ್ನದ ಅಗುಳು, ರಾಗಿಯ ಕಣ ಸೇರಿ ಕೊಳೆಯುತ್ತವೆ, ಮುಚ್ಚಳ ಬಾಯುತ್ತದೆ, ಬಾತುದನ್ನು ಮೇಲಿನ ಹಲ್ಲು ಕಚ್ಚುತ್ತದೆ, ಕಚ್ಚಿದಷ್ಟೂ ಮತ್ತಷ್ಟು ಬಾಯುತ್ತದೆ. ಬಂಡೀಪುರದ ಆನೆಗೆ ಈ ಪಾಡಿಲ್ಲ. ಅದರ ದವಡೆಹಲ್ಲುಗಳು ಒಂದರ ಹಿಂದೊಂದರಂತೆ ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತವೆ. ಸವೆದುದು ಮುಂದೆ ಉದುರುತ್ತದೆ, ಹೊಸದು ಹಿಂದೆ ಮೂಡುತ್ತದೆ. ಜೀವಮಾನದಲ್ಲಿ ಹೀಗೆ ಆರು ಸಲ. ಮನುಷ್ಯನಿಗೆ ಹಾಲುಹಲ್ಲು ಬಿಟ್ಟರೆ ಒಂದೇ ಸಲ, ಅದರಲ್ಲಿ ಕೊನೆಯದಕ್ಕೆ ಜಾಗವೂ ಇಲ್ಲ.

ಮಾಡಬೇಕಾದ ಮೊದಲನೆಯ ಕೆಲಸ ನೋಡುವುದು. ಕೈ ತೊಳೆದು, ಕನ್ನಡಿಯ ಮುಂದೆ ನಿಂತು, ಮೊಬೈಲಿನ ಬೆಳಕನ್ನು ಬಿಟ್ಟು, ಬಾವು ಯಾವ ಹಲ್ಲಿನ ಹತ್ತಿರವಿದೆ, ಕೀವು ತೋರುತ್ತಿದೆಯೆ, ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಜ್ವರವಿದ್ದರೆ ಅಳೆದು ಬರೆದಿಡಬೇಕು. ಹಲ್ಲುಸಂದಿನಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಶುಚಿಯಾದ ನೂಲನ್ನು ಎರಡು ಹಲ್ಲುಗಳ ನಡುವೆ ಮೆಲ್ಲನೆ ಇಳಿಸಿ ಪಕ್ಕಕ್ಕೆ ಎಳೆಯಬೇಕು. ಪಿನ್ನು, ಸೂಜಿ, ಜಾಲಿಮುಳ್ಳುಗಳನ್ನು ಮುಟ್ಟಲೇಬಾರದು. ಗುಳ್ಳೆಯನ್ನು ತಾನೇ ಚುಚ್ಚಿ ಕೀವು ತೆಗೆಯುವೆನೆಂದು ಹೊರಟವನು ಹೊಸ ಕ್ರಿಮಿಗಳನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತಾನೆ.

ಎರಡನೆಯದು ಉಪ್ಪುನೀರು. ಒಂದು ಲೋಟ, ಎಂದರೆ ಸುಮಾರು 250 ಮಿಲಿಲೀಟರು ಉಗುರುಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು. ಅರ್ಧ ಚಮಚವೆಂದರೆ ಹೆಚ್ಚುಕಡಮೆ 3 ಗ್ರಾಂ. ಆದ್ದರಿಂದ ದ್ರಾವಣ ಶೇಕಡ 1.2ರಷ್ಟಾಯಿತು. ನಮ್ಮ ರಕ್ತಕ್ಕೆ ಸರಿಸಮನಾದ ಉಪ್ಪುನೀರು ಶೇಕಡ 0.9. ಬಾಯಿಯ ನೀರು ಇದಕ್ಕಿಂತ ತುಸುವೇ ಗಡುಸಾಗಿರುವುದರಿಂದ ಅದು ಬಾತ ಅಂಗಾಂಶವನ್ನು ಉರಿಸುವುದಿಲ್ಲ. ಇದು ಕ್ರಿಮಿಗಳನ್ನು ಕೊಲ್ಲುವ ವಿಷವೆಂದು ತಿಳಿಯಬಾರದು. ಕೊಳೆಯನ್ನೂ ಸಡಿಲವಾದ ಕೀವನ್ನೂ ತೊಳೆಯುವುದು ಇದರ ಕೆಲಸ. ಬಾಯಲ್ಲಿ ಅರ್ಧ ನಿಮಿಷ ಹಿಡಿದು, ನೋವಿರುವ ಕಡೆಗೆ ತಲೆ ಬಾಗಿಸಿ ಆಡಿಸಿ ಉಗುಳಬೇಕು. ಪ್ರತಿ ಊಟದ ಮೇಲೆಯೂ, ಮಲಗುವ ಮುಂಚೆಯೂ ಮಾಡಬೇಕು. ಹೆಚ್ಚು ಉಪ್ಪು ಹೆಚ್ಚು ಗುಣವೆಂದು ಹರಳುಪ್ಪನ್ನೇ ವಸಡಿಗೆ ತಿಕ್ಕುವುದು ತಪ್ಪು. ಅದು ಮೃದುವಾದ ಮೈಯನ್ನು ಗೀರುತ್ತದೆ. ಔಷಧಿಯ ಅಂಗಡಿಯಲ್ಲಿ ದೊರೆಯುವ ಶೇಕಡ 0.2ರ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ದಿನಕ್ಕೆರಡು ಸಲ ಹತ್ತು ಮಿಲಿಲೀಟರಿನಷ್ಟು ಒಂದು ನಿಮಿಷ ಬಾಯಲ್ಲಿ ಆಡಿಸಿ ಉಗುಳಬಹುದು. ಟೂತ್‌ಪೇಸ್ಟಿನಲ್ಲಿರುವ ನೊರೆ ಬರಿಸುವ ವಸ್ತು ಇದರ ಶಕ್ತಿಯನ್ನು ಕುಗ್ಗಿಸುವುದರಿಂದ ಉಜ್ಜಿದ ಮೇಲೆ ಅರ್ಧ ಗಂಟೆ ಬಿಟ್ಟು ಬಳಸಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ.

ಹಲ್ಲುಜ್ಜುವುದನ್ನು ನಿಲ್ಲಿಸಬಾರದು, ಆದರೆ ಮೆತ್ತನೆಯ ಬ್ರಷ್ಷಿರಲಿ. ಬೇವಿನ ಕಡ್ಡಿ, ಹೊಂಗೆಯ ಕಡ್ಡಿಗಳು ಆರೋಗ್ಯವಾದ ಬಾಯಿಗೆ ಕೆಟ್ಟವಲ್ಲ. ನಮ್ಮ ಹಿರಿಯರು ಅವುಗಳಿಂದಲೇ ಹಲ್ಲನ್ನು ಕಾಪಾಡಿಕೊಂಡರು. ಬಾತ ವಸಡಿನ ಮೇಲೆ ಮಾತ್ರ ಅವುಗಳ ಒರಟು ನಾರು ಬೇಡ. ಇದ್ದಲಿನ ಪುಡಿ, ಇಟ್ಟಿಗೆಯ ಪುಡಿ ಯಾವ ಕಾಲಕ್ಕೂ ಬೇಡ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ವಯಸ್ಕರು 500 ಮಿಲಿಗ್ರಾಮಿನ ಒಂದು ಅಥವಾ ಎರಡು ಗುಳಿಗೆಗಳನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 4 ಗ್ರಾಂ ಮೀರಕೂಡದು. ಮೈತೂಕ ಕಡಮೆಯಿರುವವರೂ, ಮದ್ಯಪಾನಿಗಳೂ, ಯಕೃತ್ತಿನ ಕಾಯಿಲೆಯವರೂ ಇದಕ್ಕಿಂತ ಬಹಳ ಕೆಳಗೇ ನಿಲ್ಲಬೇಕು. 650 ಮಿಲಿಗ್ರಾಮಿನ ಗುಳಿಗೆಯಾದರೆ ಒಂದು ಸಲಕ್ಕೆ ಒಂದೇ. ಬಾವಿನ ನೋವಿಗೆ ಐಬುಪ್ರೊಫೆನ್ ಇನ್ನೂ ಹೆಚ್ಚು ಕೆಲಸ ಮಾಡುವುದುಂಟು. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಉಬ್ಬಸ ಇರುವವರೂ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರೂ, ಗರ್ಭಿಣಿಯರೂ ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. ಯಾವ ಗುಳಿಗೆ, ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯುತ್ತಿದ್ದರೆ ನೋವಿನ ಗಡಿಬಿಡಿಯಲ್ಲಿ ಎರಡೆರಡು ಸಲ ನುಂಗುವ ಅಪಾಯ ತಪ್ಪುತ್ತದೆ. ಕೆನ್ನೆ ಬಾತಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಹೊರಗಿನಿಂದ ಇಡಬೇಕು. ಹುರಿದ ಉಪ್ಪಿನ ಗಂಟಿನಿಂದ ಶಾಖ ಕೊಡುವ ರೂಢಿ ನಮ್ಮಲ್ಲಿದೆ. ಶಾಖ ರಕ್ತದ ಓಟವನ್ನು ಹೆಚ್ಚಿಸಿ ಬಾವನ್ನು ಬೆಳೆಸಬಲ್ಲುದು; ಆದ್ದರಿಂದ ಕೆನ್ನೆಗೆ ಶಾಖ ಬೇಡ.

ಇನ್ನು ಮನೆಯವರು ತಂದ ಔಷಧಿಗಳು. ಅಜ್ಜಿಯ ಲವಂಗದಲ್ಲಿ ಸತ್ಯವಿದೆ. ಅದರಲ್ಲಿರುವ ಯೂಜಿನಾಲ್ ಎಂಬ ಎಣ್ಣೆ ನರವನ್ನು ಮರಗಟ್ಟಿಸುತ್ತದೆ. ದಂತವೈದ್ಯರೂ ಅದನ್ನು ಬಹುಕಾಲದಿಂದ ಬಳಸಿದ್ದಾರೆ. ಇಡೀ ಲವಂಗವೊಂದನ್ನು ಹಲ್ಲಿನ ಬಳಿ ಇಟ್ಟುಕೊಂಡರೆ ತೊಂದರೆಯಿಲ್ಲ. ಬರಿಯ ಲವಂಗದೆಣ್ಣೆಯನ್ನು ವಸಡಿಗೆ ಸುರಿದರೆ ಸುಟ್ಟ ಗಾಯವಾಗುತ್ತದೆ. ಆಸ್ಪಿರಿನ್ ಗುಳಿಗೆಯನ್ನು ನುಂಗದೆ ವಸಡಿಗೆ ಒತ್ತಿಟ್ಟುಕೊಳ್ಳುವುದರಿಂದಲೂ ಹೀಗೆಯೇ: ಅದು ಆಮ್ಲ, ತಗಲಿದ ಜಾಗ ಬೆಳ್ಳಗೆ ಬೆಂದು ಸಿಪ್ಪೆಯೇಳುತ್ತದೆ. ಅರಿಶಿನ ಗುಂಡ್ಲುಪೇಟೆ, ಚಾಮರಾಜನಗರಗಳ ಹೊಲದಲ್ಲಿಯೇ ಬೆಳೆಯುವ ಪದಾರ್ಥ. ಉರಿಯೂತವನ್ನು ತಗ್ಗಿಸುವ ಗುಣ ಅದಕ್ಕಿರುವುದೂ ನಿಜ. ಆದರೆ ಅಡಿಗೆಮನೆಯ ಡಬ್ಬದ ಪುಡಿಯನ್ನು ಕೀವಿನ ಚೀಲದೊಳಕ್ಕೆ ತುರುಕಿದರೆ, ಶುಚಿಯಾಗಬೇಕಾದ ಜಾಗಕ್ಕೆ ಇನ್ನೊಂದು ಕಸ ಸೇರಿದಂತಾಯಿತು. ಹೊಗೆಸೊಪ್ಪು, ಸುಣ್ಣಗಳ ವಿಷಯದಲ್ಲಿ ಎರಡು ಮಾತಿಲ್ಲ. ಸುಣ್ಣ ಸುಡುತ್ತದೆ, ಹೊಗೆಸೊಪ್ಪು ಕ್ಯಾನ್ಸರನ್ನು ತರುತ್ತದೆ.

ಗೆಳೆಯನ ಕ್ಯಾಪ್ಸೂಲುಗಳೇ ಎಲ್ಲಕ್ಕಿಂತ ಹೆಚ್ಚು ಆಕರ್ಷಕ, ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವಂಥವು. ನುಂಗಿದ ಆ್ಯಂಟಿಬಯಾಟಿಕ್ ರಕ್ತದ ಮೂಲಕವೇ ಕ್ರಿಮಿಗಳನ್ನು ತಲುಪಬೇಕು. ಕೀವು ತುಂಬಿದ ಚೀಲದೊಳಗೆ ರಕ್ತನಾಳಗಳಿಲ್ಲ. ಸತ್ತ ಹಲ್ಲಿನ ತಿರುಳಿಗೂ ರಕ್ತ ಹರಿಯದು. ಆದ್ದರಿಂದ ಔಷಧಿ ಬಾವಿನ ಸುತ್ತ ಬೇಲಿ ಹಾಕಬಲ್ಲುದೇ ಹೊರತು ಒಳಗಿನ ಕೀವನ್ನು ತೆಗೆಯಲಾರದು. ದಂತವೈದ್ಯರು ಸಿಕ್ಕುವ ಕಡೆಗಳಲ್ಲಿ, ಆರೋಗ್ಯವಂತರಾದ ವಯಸ್ಕರ ಹೆಚ್ಚಿನ ಹಲ್ಲುನೋವು, ಹಲ್ಲಿನ ಬೇರಿನ ಬಾವುಗಳಿಗೆ ಆ್ಯಂಟಿಬಯಾಟಿಕ್ ಬೇಡ, ಮೂಲಕ್ಕೇ ಚಿಕಿತ್ಸೆ ನಡೆಯಬೇಕು ಎಂದು ಅಮೆರಿಕದ ದಂತವೈದ್ಯ ಸಂಘ 2019ರಲ್ಲಿ ಸಲಹೆ ಮಾಡಿತು. ಜ್ವರ ಬಂದು ಸೋಂಕು ಹರಡುತ್ತಿದ್ದರೆ ಔಷಧಿ ಬೇಕೇಬೇಕು. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ನಾಲ್ಕು ಕ್ಯಾಪ್ಸೂಲು ನುಂಗಿ ನಿಲ್ಲಿಸುವುದರಿಂದ ಬಾವು ಅಡಗಿದಂತೆ ತೋರುತ್ತದೆ, ಔಷಧಿಗೆ ಬಗ್ಗದ ಕ್ರಿಮಿಗಳು ಉಳಿಯುತ್ತವೆ. ಪೆನಿಸಿಲಿನ್ ಜಾತಿಯ ಔಷಧಿ ಒಗ್ಗದವನಿಗೆ ಮೊದಲನೆಯದೇ ಪ್ರಾಣಾಪಾಯ ತರಬಹುದು.

ಈಗ ಕಾಯಲಾಗದ ರಾತ್ರಿಯ ವಿಚಾರ. ಕೆಳದವಡೆಯ ಒಳಮೈಗೆ ತೆಳುವಾದ ಸ್ನಾಯುವೊಂದು ಅಂಟಿಕೊಂಡಿದೆ. ನಾಲಗೆಯ ಕೆಳಗಿನ ನೆಲ ಆ ಸ್ನಾಯುವಿನದು. ಮುಂದಿನ ಹಲ್ಲುಗಳ ಬೇರು ಈ ನೆಲದಿಂದ ಮೇಲಿವೆ; ಅಲ್ಲಿಯ ಕೀವು ಬಾಯೊಳಗೆ ಒಡೆಯುತ್ತದೆ. ಕಡೆಯ ಎರಡು ದವಡೆಹಲ್ಲುಗಳ ಬೇರು ಅನೇಕರಲ್ಲಿ ನೆಲದಿಂದ ಕೆಳಕ್ಕೆ ಇಳಿದಿರುತ್ತವೆ. ಅಲ್ಲಿಯ ಕೀವು ಒಳಮೈಯ ಎಲುಬನ್ನು ಕೊರೆದರೆ ಬಾಯೊಳಕ್ಕೆ ಬಾರದೆ ಕೊರಳಿಗೆ ಇಳಿಯುತ್ತದೆ. ದವಡೆಯ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾದ ಬಾವು ಹಬ್ಬಿ, ನಾಲಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು, ಉಸಿರಿನ ದಾರಿ ಮುಚ್ಚಿಹೋಗುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್‌ನ ಹೆಸರೇ ಈ ಕಾಯಿಲೆಗೆ ನಿಂತಿದೆ. ಆ್ಯಂಟಿಬಯಾಟಿಕ್ ಔಷಧಿಗಳು ಬರುವ ಮುನ್ನ ಇದಕ್ಕೆ ತುತ್ತಾದವರಲ್ಲಿ ಸತ್ತವರೇ ಹೆಚ್ಚು. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂಬ ಮಾತು ನಿಜವಲ್ಲ.

ಆದುದರಿಂದ ಮನೆಯವರು ಮೂರು ನಾಲ್ಕು ಗಂಟೆಗೊಮ್ಮೆ ರೋಗಿಯನ್ನು ನೋಡುತ್ತಿರಬೇಕು. ಜೊಲ್ಲನ್ನು ನುಂಗಲಾರದೆ ಸುರಿಸುತ್ತಿದ್ದಾನೆಯೆ? ಮಾತು ಬಾಯಲ್ಲಿ ಬಿಸಿ ತುತ್ತಿಟ್ಟುಕೊಂಡವನಂತೆ ತೊದಲುತ್ತಿದೆಯೆ? ಮಲಗಿದರೆ ಉಸಿರು ಕಟ್ಟುತ್ತದೆಂದು ಎದ್ದು ಕೂರುತ್ತಾನೆಯೆ? ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದೆ? ಬಾವು ದವಡೆಯ ಕೆಳಗೆ, ಕೊರಳಿಗೆ, ಇಲ್ಲವೆ ಕಣ್ಣಿನ ಕಡೆಗೆ ಹಬ್ಬುತ್ತಿದೆಯೆ? ಚಳಿಯಿಂದ ನಡುಗಿಸುವ ಜ್ವರ, ಮಂಪರು ಇವೆಯೆ? ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರನ್ನು ಕಾಯುವಂತಿಲ್ಲ, ಬೆಳಕನ್ನೂ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು. ಕಾಡಿನ ಹೆದ್ದಾರಿಯ ರಾತ್ರಿ ನಿರ್ಬಂಧ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ. ಇದನ್ನು ತಿಳಿಯದೆ ಬೆಳಗಾಗಲೆಂದು ಕುಳಿತವರು ಕೂರಬಾರದ ಹೊತ್ತು ಕುಳಿತಂತಾಗುತ್ತದೆ. ಹೋಗಬೇಕಾದುದು ಉಸಿರಿನ ದಾರಿಯನ್ನು ಕಾಪಾಡಬಲ್ಲ ದೊಡ್ಡ ಆಸ್ಪತ್ರೆಗೆ. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಗಿದೆ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರು. ಮಧುಮೇಹ ಇರುವವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಈ ಲಕ್ಷಣಗಳಿಗಾಗಿ ಕಾಯದೆ ಮೊದಲೇ ವೈದ್ಯರನ್ನು ಕಾಣಬೇಕು.

ನಮ್ಮ ವಿದ್ಯಾರ್ಥಿಗೆ ಇವು ಯಾವುವೂ ಬರಲಿಲ್ಲವೆಂದುಕೊಳ್ಳೋಣ. ಮೆತ್ತಗೆ ಕಲಸಿದ ಅನ್ನ, ಗಂಜಿ, ಬೇಕಾದಷ್ಟು ನೀರು. ಎರಡು ದಿಂಬಿನ ಮೇಲೆ ತಲೆ. ಹೀಗೆ ಭಾನುವಾರ ಕಳೆಯಿತು. ಸೋಮವಾರ ಬೆಳಗ್ಗೆ ಗುಂಡ್ಲುಪೇಟೆಯ ಬಸ್ಸಿನಲ್ಲಿ ಕುಳಿತಿರುವಾಗ ಬಾಯಲ್ಲಿ ಏನೋ ಉಪ್ಪುಪ್ಪಾದ ಕೆಟ್ಟ ರುಚಿ, ನೋವು ಮಾಯವಾಯಿತು. ಬಾವು ತಾನಾಗಿ ಒಡೆಯಿತು. ಇಲ್ಲಿಂದಲೇ ಮನೆಗೆ ಹಿಂದಿರುಗುವವರು ಬಹಳ. ನೋವು ಹೋದುದು ಒಳಗಿನ ಒತ್ತಡ ಇಳಿದುದರಿಂದ, ಕಾಯಿಲೆ ಹೋದುದರಿಂದಲ್ಲ. ಕೀವು ಬಂದ ದಾರಿ ಕೆಲವು ದಿನಗಳಲ್ಲಿ ಮುಚ್ಚುತ್ತದೆ, ಮತ್ತೆ ತುಂಬುತ್ತದೆ, ಮತ್ತೆ ಒಡೆಯುತ್ತದೆ. ಅವನು ಹಿಂದಿರುಗದೆ ಆಸ್ಪತ್ರೆಗೆ ಹೋದರೆ ದಂತವೈದ್ಯರು ಗುಳಿಗೆಯ ಚೀಟಿಯನ್ನು ಓದಿ, ಯಾವ ಔಷಧಿ ಒಗ್ಗದೆಂದು ಕೇಳಿ, ವಸಡಿನ ಮುಚ್ಚಳದ ಕೆಳಗೆ ತೊಳೆದು, ಕ್ಷಕಿರಣದ ಚಿತ್ರ ತೆಗೆಸುತ್ತಾರೆ. ಬುದ್ಧಿಹಲ್ಲು ನೆಟ್ಟಗೆ ಏರುತ್ತಿದೆಯೋ, ಮುಂದಿನ ಹಲ್ಲಿಗೆ ಒರಗಿ ಮಲಗಿದೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಕೀಳಬೇಕೆ, ಬಿಡಬೇಕೆ ಎಂಬುದು ಅದರ ಮೇಲೆ ನಿಂತಿದೆ. ಬಾವು ಬಂದುದು ಬೇರಿನಿಂದಾಗಿದ್ದರೆ, ಬೆಳ್ಳಗಿನ ಎಲುಬಿನ ನಡುವೆ ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ಮಚ್ಚೆಯೊಂದು ಕಾಣಿಸುತ್ತದೆ. ಎಲುಬು ಕರಗಿಹೋದ ಜಾಗ ಅದು. ಅದರ ಬಹುಪಾಲು, ನೋವೇ ಇಲ್ಲದೆ ಇದ್ದ ತಿಂಗಳುಗಳಲ್ಲಿ ಕರಗಿದುದು.